ರಸ್ತೆ ಬದಿಗೆ ಬಂದ ಮನೆಗಳು

ಪ್ರತಿ ವರ್ಷ ಜೂನ್ 1 ಬಂತು ಅಂದರೆ ನಾನು ಗ್ಯಾರೇಜಿನ ಅಟ್ಟದಿಂದ ಒಂದು ಪ್ಲಾಸ್ಟಿಕ್ ಡಬ್ಬ ಕೆಳಗಿಳಿಸುತ್ತೇನೆ. ಇಲ್ಲಿ, ಅಮೆರಿಕದ ಟೆಕ್ಸಸ್‌ನ ಹೂಸ್ಟನ್ ಕಡೆ, ಚಂಡಮಾರುತದ ಕಾಲ ಶುರುವಾಗುವುದು ಅವತ್ತು. ಮುಗಿಯುವುದು ನವೆಂಬರ್ 30ಕ್ಕೆ. ಡಬ್ಬದಲ್ಲಿ ತುಂಬಾ ಸಾಮಾನೇನೂ ಇಲ್ಲ. ದಪ್ಪ ಚರ್ಮದ ಗ್ಲೌಸು, ಎನ್-95 ಮಾಸ್ಕು, ತಲೆಗೆ ಕಟ್ಟುವ ಟಾರ್ಚು, ಬ್ಲೇಡು ಬದಲಿಸುವ ಚಾಕು, ಅಳತೆ ಟೇಪು, ದಪ್ಪನೆಯ ಕಪ್ಪು ಚೀಲಗಳು. ನೀಲಿ ಬಣ್ಣದ ಅಂಟು ಟೇಪಿನ ನಾಲ್ಕೈದು ಸುರುಳಿ. ಮತ್ತೆ ಒಂದೂವರೆ ಅಡಿ ಉದ್ದದ ಒಂದು ಚಪ್ಪಟೆ ಹಾರೆ.

ಆ ನೀಲಿ ಟೇಪು, ಆ ಹಾರೆ, ಎರಡೂ ನನ್ನ ಕೈಗೆ ಬಂದದ್ದು 2017ರ ಹಾರ್ವಿ ಚಂಡಮಾರುತದ ದೆಸೆಯಿಂದ. ಅದರ ಬಗ್ಗೆ ಬರೆಯಬೇಕು ಅಂತ ಎಷ್ಟೋ ಸಲ ಕೂತು ಎದ್ದಿದ್ದೇನೆ.

ನಾನು ತೀರ್ಥಹಳ್ಳಿ ಕಡೆಯವನು. ಮಳೆ ಅಂದರೆ ಹೆದರುವ ಜನ ಅಲ್ಲ ನಾವು. ಹತ್ತಿರದ ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರಿಗೂ ಜಾಸ್ತಿ ಮಳೆ ಬೀಳುತ್ತದೆ. ಆದರೆ ನಮ್ಮಲ್ಲಿ ಬಿದ್ದ ನೀರಿಗೆ ಇಳಿದು ಹೋಗೋಕೆ ದಾರಿ ಇದೆ. ಗುಡ್ಡದಿಂದ ಹಳ್ಳಕ್ಕೆ, ಹಳ್ಳದಿಂದ ತುಂಗೆಗೆ. ಹೂಸ್ಟನ್ ಹಾಗಲ್ಲ. ದೋಸೆ ಕಾವಲಿಯ ಹಾಗೆ ಚಪ್ಪಟೆ ಊರು. ಮಧ್ಯೆ ಮಧ್ಯೆ 'ಬಾಯೂ' ಅಂತ ಕರೆಯುವ, ನಡೆದಷ್ಟೇ ನಿಧಾನವಾಗಿ ಹರಿಯುವ ಹಳ್ಳಗಳು. ಊರು ಬೆಳೆದಂತೆ ನೀರು ಹೀರುತ್ತಿದ್ದ ಹುಲ್ಲುಗಾವಲಿನ ಮೇಲೆ ಕಾಂಕ್ರೀಟು ಬಂತು.

ಹಾರ್ವಿ 2017ರ ಆಗಸ್ಟ್ 25ರ ಶುಕ್ರವಾರ ರಾತ್ರಿ ಟೆಕ್ಸಸ್‌ನ ರಾಕ್‌ಪೋರ್ಟ್ ಹತ್ತಿರ ದಡಕ್ಕೆ ಬಡಿಯಿತು. ನಾಲ್ಕನೇ ದರ್ಜೆಯ ಚಂಡಮಾರುತ, ಗಂಟೆಗೆ 200 ಕಿಲೋಮೀಟರ್ ದಾಟಿದ ಗಾಳಿ. ಸಾಮಾನ್ಯವಾಗಿ ಚಂಡಮಾರುತ ಬಡಿದು ಮುಂದೆ ಹೋಗಿಬಿಡುತ್ತದೆ. ಇದು ಹೋಗಲಿಲ್ಲ. ಅಲ್ಲೇ ಗಿರಕಿ ಹೊಡೆಯುತ್ತಾ, ಸಮುದ್ರದಿಂದ ನೀರು ಎತ್ತಿ ಎತ್ತಿ ನಮ್ಮ ಮೇಲೆ ಸುರಿಯಿತು. ನೆದರ್‌ಲ್ಯಾಂಡ್ ಅನ್ನುವ ಊರಿನಲ್ಲಿ 60.58 ಇಂಚು ಮಳೆ ಅಳತೆಗೆ ಸಿಕ್ಕಿತು. ಅಂದರೆ 1,500 ಮಿಲಿಮೀಟರಿಗೂ ಮೀರಿ, ಅದೂ ಕೆಲವೇ ದಿನಗಳಲ್ಲಿ. ಅಮೆರಿಕದಲ್ಲಿ ಒಂದೇ ಚಂಡಮಾರುತ ಅಷ್ಟು ಮಳೆ ಸುರಿಸಿದ್ದು ಅದೇ ಮೊದಲು. ಹೂಸ್ಟನ್ ಇರುವ ಹ್ಯಾರಿಸ್ ಕೌಂಟಿ ಒಂದರಲ್ಲೇ ಸುಮಾರು ಒಂದೂವರೆ ಲಕ್ಷ ಮನೆಗಳಿಗೆ ನೀರು ನುಗ್ಗಿತು. ಅದರಲ್ಲಿ ಅರ್ಧಕ್ಕೂ ಜಾಸ್ತಿ ಮನೆಯವರಿಗೆ ಪ್ರವಾಹದ ವಿಮೆಯೇ ಇರಲಿಲ್ಲ. 'ನಿಮ್ಮ ಜಾಗ ನೀರು ಬರುವ ನಕ್ಷೆಯಲ್ಲಿ ಇಲ್ಲ' ಅಂದಿದ್ದರು, ನಂಬಿದ್ದರು.

ನಾವಿದ್ದದ್ದು ಹೂಸ್ಟನ್ ಪಕ್ಕದ ಕೇಟಿಯಲ್ಲಿ. ನಮ್ಮ ರಸ್ತೆಯಲ್ಲಿ ನೀರು ಗೇಟಿನ ತನಕ ಬಂದು ನಿಂತಿತು. ಮೂರು ರಾತ್ರಿ ನಿದ್ದೆ ಇಲ್ಲ. ಟಾರ್ಚ್ ಹಿಡಿದು ಗೇಟಿನ ಹತ್ತಿರ ಹೋಗಿ, ಇಟ್ಟಿಗೆ ಎಷ್ಟು ಮುಳುಗಿದೆ ನೋಡಿ ಬರುವುದು, ಮತ್ತೆ ಒಂದು ಗಂಟೆಗೆ ಹೋಗುವುದು. ಮಂಗಳವಾರ ಸಂಜೆ ಮಳೆ ನಿಂತಿತು. ನಮ್ಮ ಮನೆಯೊಳಗೆ ಒಂದು ಹನಿ ಬಂದಿರಲಿಲ್ಲ. ಎರಡು ಮೈಲಿ ಆಚೆ ಜನರನ್ನು ದೋಣಿಯಲ್ಲಿ ಕರೆತರುತ್ತಿದ್ದರು. ಒಣಗಿದ ನೆಲದ ಮೇಲೆ ನಿಂತು ಅದನ್ನು ಟಿವಿಯಲ್ಲಿ ನೋಡುತ್ತಾ ಕೂರೋಕೆ ನನ್ನಿಂದ ಆಗಲಿಲ್ಲ.

ಮೊದಲ ಎರಡು ದಿನ ಮಾಡಿದ್ದು ಅಡುಗೆ. ಗೊತ್ತಿದ್ದ ಏಳೆಂಟು ಕನ್ನಡದ ಮನೆಯವರು ಸೇರಿ ಪುಳಿಯೋಗರೆ, ಚಪಾತಿ, ಪಲ್ಯ ಕಟ್ಟಿದೆವು. ಆಗ ಹೂಸ್ಟನ್ ವಿಶ್ವವಿದ್ಯಾಲಯದ ಹತ್ತಿರ ಸುಮಾರು 200 ಭಾರತೀಯ ವಿದ್ಯಾರ್ಥಿಗಳು ಕುತ್ತಿಗೆ ಮಟ್ಟದ ನೀರಿನಲ್ಲಿ ಸಿಕ್ಕಿಬಿದ್ದಿದ್ದಾರೆ ಅಂತ ಸುಷ್ಮಾ ಸ್ವರಾಜ್ ಅವರು ಟ್ವೀಟ್ ಮಾಡಿದ್ದರು. ಊಟ ಕಳಿಸೋಕೆ ದೋಣಿ ಕೇಳಿದರೆ ಕರಾವಳಿ ಪಡೆಯವರು ಒಪ್ಪಲಿಲ್ಲ, ದೋಣಿ ಜನರನ್ನು ಕಾಪಾಡೋಕೆ ಬೇಕು ಅಂದರು ಅಂತಲೂ ಆ ಸುದ್ದಿಯಲ್ಲಿತ್ತು. ಅವತ್ತು ನಮ್ಮಲ್ಲಿ ಕೆಲವರಿಗೆ ಸಿಟ್ಟು ಬಂತು. ನನಗೂ ಬಂತು. ಆದರೆ ಯೋಚನೆ ಮಾಡಿದರೆ ಅವರು ಹೇಳಿದ್ದು ಸರಿ ಅಲ್ವಾ? ಕೊಡುವವರ ಹತ್ತಿರ ಏನಿದೆ ಅನ್ನುವುದಕ್ಕಿಂತ ಅಲ್ಲಿ ಏನು ಬೇಕು ಅನ್ನುವುದು ಮುಂದೆ ಬರಬೇಕು. ಇದನ್ನು ಒಪ್ಪೋಕೆ ನನಗೆ ಇನ್ನೂ ಎರಡು ವಾರ ಬೇಕಾಯಿತು.

ಬಟ್ಟೆಯ ವಿಷಯದಲ್ಲೂ ಅದೇ. ಒಂದು ಚರ್ಚಿನ ಹಾಲಿನಲ್ಲಿ ನಾಲ್ಕು ಗಂಟೆ ಬರೀ ಬಟ್ಟೆ ವಿಂಗಡಿಸಿದ್ದೇನೆ. ಆಗಸ್ಟ್ ತಿಂಗಳ ಟೆಕ್ಸಸ್ ಸೆಕೆಗೆ ಉಣ್ಣೆ ಕೋಟುಗಳು, ಜೊತೆ ಇಲ್ಲದ ಬೂಟುಗಳು. ಅಲ್ಲಿ ಸಾಲಿನಲ್ಲಿ ನಿಂತವರು ಕೇಳುತ್ತಿದ್ದದ್ದು ಹೊಸ ಒಳಉಡುಪು, ಮಕ್ಕಳ ಡೈಪರು, ಬ್ಲೀಚು, ಬಕೆಟ್ಟು, ಮಾಪು. ಅದು ಮಧ್ಯಾಹ್ನದೊಳಗೆ ಖಾಲಿ.

ಗುರುವಾರದಿಂದ ನೀರು ನುಗ್ಗಿದ ಮನೆಗಳ ಕೆಲಸ ಶುರು. ಮೊದಲು ಹೋದದ್ದು ಮೆಯರ್‌ಲ್ಯಾಂಡ್ ಅನ್ನುವ ಬಡಾವಣೆಗೆ, ಬ್ರೇಸ್ ಬಾಯೂ ಪಕ್ಕ. ಆ ಜನಕ್ಕೆ ಇದು ಮೂರನೇ ಸಲ. 2015ರ ಮೇನಲ್ಲಿ ಒಂದು ಸಲ, 2016ರ ಏಪ್ರಿಲ್‌ನಲ್ಲಿ ಒಂದು ಸಲ, ಈಗ ಹಾರ್ವಿ. ಒಂದು ಮನೆಯಲ್ಲಿ ಅಡುಗೆಮನೆ ಕಪಾಟಿನ ಮೇಲಿನ ಸ್ಟಿಕ್ಕರು ಇನ್ನೂ ಕಿತ್ತಿರಲಿಲ್ಲ, ಅಷ್ಟು ಹೊಸದು.

ಇಲ್ಲಿನ ಮನೆ ಹೇಗಿರುತ್ತದೆ ಅಂತ ಗೊತ್ತಿಲ್ಲದವರಿಗೆ ಈ ಕೆಲಸ ಅರ್ಥ ಆಗುವುದು ಕಷ್ಟ. ಹೊರಗೆ ಇಟ್ಟಿಗೆ ಕಂಡರೂ ಮನೆ ನಿಂತಿರುವುದು ಮರದ ಚೌಕಟ್ಟಿನ ಮೇಲೆ. ಒಳಗಿನ ಗೋಡೆ ಅಂದರೆ ಆ ಮರಕ್ಕೆ ಹೊಡೆದ ಜಿಪ್ಸಂ ಹಲಗೆ. ಶೀಟ್‌ರಾಕ್ ಅಂತಾರೆ. ಎರಡೂ ಕಡೆ ಕಾಗದ, ನಡುವೆ ಸುಣ್ಣದಂಥ ಪುಡಿ. ಅದರ ಹಿಂದೆ ಗಾಜಿನ ನೂಲಿನ ಗುಲಾಬಿ ಹತ್ತಿ. ನೀರು ಒಂದು ಅಡಿ ನಿಂತರೆ ಹಲಗೆ ಅದನ್ನು ಬತ್ತಿಯ ಹಾಗೆ ಇನ್ನೂ ಮೇಲಕ್ಕೆ ಎಳೆಯುತ್ತದೆ. ಒಂದೆರಡು ದಿನದಲ್ಲಿ ಬೂಷ್ಟು ಹಿಡಿಯುತ್ತದೆ. ಒಳಗೆ ಬಂದದ್ದು ಬರೀ ಮಳೆ ನೀರೂ ಅಲ್ಲ, ಚರಂಡಿ, ಎಣ್ಣೆ, ಗೊಬ್ಬರ ಎಲ್ಲ ಕಲೆತ ನೀರು. ಹಾಗಾಗಿ ಎಲ್ಲವನ್ನೂ ಬೇಗ ಕಿತ್ತು ಹೊರಗೆ ಹಾಕಬೇಕು, ಮರ ಗಾಳಿಗೆ ಒಣಗಬೇಕು.

ಕೆಲಸಕ್ಕೆ ಒಂದು ಕ್ರಮ ಇದೆ. ಮೊದಲು ಮೇನ್ ಸ್ವಿಚ್ ಆಫ್ ಆಗಿದೆಯಾ ನೋಡುವುದು. ಆಮೇಲೆ ಫೋಟೋ. ಪ್ರತಿ ಕೋಣೆ, ಪ್ರತಿ ಸಾಮಾನು, ಗೋಡೆ ಮೇಲೆ ನೀರಿನ ಗೆರೆ ಎಷ್ಟು ಎತ್ತರಕ್ಕಿದೆ ಅನ್ನುವುದಕ್ಕೆ ಪಕ್ಕದಲ್ಲಿ ಟೇಪು ಹಿಡಿದು ಇನ್ನೊಂದು. ವಿಮೆಯವರಿಗೂ, ಪರಿಹಾರ ಕೊಡುವ ಫೀಮಾದವರಿಗೂ ಅದೇ ಸಾಕ್ಷಿ. ಫ್ರಿಜ್ಜಿನ ಬಾಗಿಲನ್ನು ಮಾತ್ರ ತೆಗೆಯಲೇಬಾರದು. ಸುತ್ತ ಟೇಪು ಬಿಗಿದು ಹಾಗೇ ಹೊರಗೆ ಸಾಗಿಸುವುದು. ಒಂದು ವಾರ ಕರೆಂಟಿಲ್ಲದೆ ನಿಂತ ಮಾಂಸದ ವಾಸನೆ ಒಂದು ಸಲ ಮೂಗಿಗೆ ಹತ್ತಿದರೆ ಬಿಡುವುದಿಲ್ಲ. ಆಮೇಲೆ ಗೋಡೆಗೆ ನೆಲದಿಂದ ನಾಲ್ಕು ಅಡಿಗೆ ಗೆರೆ ಹಾಕಿ ಚಾಕುವಿನಲ್ಲಿ ಕೊಯ್ಯುವುದು. ನಾಲ್ಕೇ ಅಡಿ ಯಾಕೆ ಅಂದರೆ ಅಂಗಡಿಯಲ್ಲಿ ಸಿಗುವ ಹಲಗೆ ನಾಲ್ಕಕ್ಕೆ ಎಂಟು ಅಡಿ. ಅಡ್ಡ ಮಲಗಿಸಿದರೆ ಹೊಸದು ಸರಿಯಾಗಿ ಕೂರುತ್ತದೆ. ಅಂದಾಜಿಗೆ ಕೊಯ್ದರೆ ಮನೆಯವರಿಗೆ ಮುಂದೆ ಎರಡು ಪಟ್ಟು ಕೆಲಸ.

ಅವತ್ತು ರಾತ್ರಿ ಅಮ್ಮನಿಗೆ ಫೋನ್ ಮಾಡಿ ಇದನ್ನೆಲ್ಲ ಹೇಳಿದೆ. "ಕತ್ತಿಲಿ ಗೋಡೆ ಕೊಯ್ಯದು ಅಂದ್ರೆ ಎಂತ ಗೋಡೆ ಮಾರಾಯಾ ಅದು?" ಅಂದರು. ನಮ್ಮೂರಿನ ಮನೆಯದು ಎರಡು ಅಡಿ ದಪ್ಪದ ಮಣ್ಣಿನ ಗೋಡೆ. ಸ್ವಲ್ಪ ಹೊತ್ತು ಸುಮ್ಮನಿದ್ದು ಆಮೇಲೆ ಕೇಳಿದರು, "ಆ ಮನೆಯೋರು ಎಲ್ಲಿ ಮಲಗ್ತಾರೆ ಈಗ?"

ನನಗೆ ಗೊತ್ತಿರಲಿಲ್ಲ. ಇಡೀ ದಿನ ಅವರ ಮನೆಯೊಳಗೇ ಇದ್ದೆ, ಕೇಳಿಯೇ ಇರಲಿಲ್ಲ.

ಸೆಪ್ಟೆಂಬರ್ ಎರಡನೇ ವಾರ ಬೇರ್ ಕ್ರೀಕ್‌ಗೆ ಹೋದೆವು. ಅದರ ಕಥೆ ಬೇರೆ. 1935ರ ಪ್ರವಾಹದಲ್ಲಿ ಹೂಸ್ಟನ್ ಮುಳುಗಿದ ಮೇಲೆ, 1940ರ ದಶಕದಲ್ಲಿ ಸೇನೆಯ ಎಂಜಿನಿಯರುಗಳು ಊರಿನ ಪಶ್ಚಿಮಕ್ಕೆ ಆಡಿಕ್ಸ್, ಬಾರ್ಕರ್ ಅಂತ ಎರಡು ಮಣ್ಣಿನ ಅಣೆಕಟ್ಟು ಕಟ್ಟಿದ್ದರು. ವರ್ಷದ ಬಹುಪಾಲು ಅವು ಒಣಗಿಯೇ ಇರುತ್ತವೆ. ಒಳಗೆ ಪಾರ್ಕು, ಆಟದ ಮೈದಾನ. ದೊಡ್ಡ ಮಳೆ ಬಂದಾಗ ಮಾತ್ರ ನೀರು ಹಿಡಿದಿಟ್ಟು ಊರನ್ನು ಉಳಿಸಬೇಕು. ಆದರೆ ನೀರು ತುಂಬಿದರೆ ಎಲ್ಲಿಯ ತನಕ ಹರಡುತ್ತದೋ ಅಷ್ಟೂ ಜಾಗವನ್ನು ಸರ್ಕಾರ ಕೊಂಡಿರಲಿಲ್ಲ. ಉಳಿದ ಅಂಚಿನಲ್ಲಿ ಬಡಾವಣೆಗಳು ಎದ್ದವು, ಬೇರ್ ಕ್ರೀಕ್ ಅದರಲ್ಲೊಂದು. ತಾವು ಅಣೆಕಟ್ಟಿನ ಹೊಟ್ಟೆಯೊಳಗೆ ಮನೆ ಕೊಂಡಿದ್ದೇವೆ ಅಂತ ಎಷ್ಟೋ ಜನಕ್ಕೆ ಗೊತ್ತೇ ಇರಲಿಲ್ಲ. ಆಗಸ್ಟ್ 28ರ ಬೆಳಗಿನ ಜಾವ ಗೇಟು ತೆಗೆದು ನೀರು ಬಿಟ್ಟಾಗ ಕೆಳಗಿನ ಬಫಲೋ ಬಾಯೂ ದಂಡೆಯ ಮನೆಗಳೂ ಮುಳುಗಿದವು. ಅಣೆಕಟ್ಟಿನ ಹೊಟ್ಟೆಯೊಳಗೆ ಮನೆ ಇದ್ದವರ ಪರವಾಗಿ 2019ರ ಡಿಸೆಂಬರ್‌ನಲ್ಲಿ ಒಂದು ಕೋರ್ಟು ತೀರ್ಪು ಕೊಟ್ಟಿತು, ಸರ್ಕಾರವೇ ಹೊಣೆ ಅಂತ. ತೀರ್ಪು ಬಂದ ದಿನ ನನಗೆ ನೆನಪಾದದ್ದು ಒಬ್ಬ ಮುದುಕರು.

ಎಪ್ಪತ್ತು ದಾಟಿದವರು. ಹೂಸ್ಟನ್ ಬಂದರು ಕಾಲುವೆಯ ಉದ್ದಕ್ಕೂ ಇರುವ ಎಣ್ಣೆ ಕಾರ್ಖಾನೆಗಳಲ್ಲಿ ಪೈಪ್‌ಫಿಟ್ಟರ್ ಆಗಿ ಬದುಕು ಕಳೆದವರು. ಒಬ್ಬರೇ ಇದ್ದರು. ನಾವು ಹೋದ ದಿನ ಅವರು ಮಗಳ ಮನೆಗೆ ಯಾವುದೋ ಕಾಗದ ತರಲು ಹೋಗಿದ್ದರು. "ಶುರು ಮಾಡಿ, ಬಂದುಬಿಡುತ್ತೇನೆ" ಅಂತ ಕೀಲಿ ಕೊಟ್ಟಿದ್ದರು. ನಮ್ಮ ತಂಡ ಹನ್ನೆರಡು ಜನ. ಇಷ್ಟರಲ್ಲಿ ನಮ್ಮ ಕೈ ಪಳಗಿತ್ತು. ಒಂದು ದಿನಕ್ಕೆ ಒಂದು ಮನೆ ಅನ್ನುವ ಲೆಕ್ಕ. ನನ್ನ ಪಾಲಿಗೆ ಬಂದದ್ದು ಗ್ಯಾರೇಜು.

ಅಲ್ಲಿ ಕೆಂಪು ಬಣ್ಣದ ದೊಡ್ಡ ಕಬ್ಬಿಣದ ಪೆಟ್ಟಿಗೆ ಇತ್ತು. ಎಂಟೊಂಬತ್ತು ಡ್ರಾಯರು. ಒಂದನ್ನು ಎಳೆದೆ, ಅರ್ಧಕ್ಕೆ ಸಿಕ್ಕಿಕೊಂಡಿತು. ಒಳಗೆ ಕೆಸರು, ಕಂದು ನೀರು, ಕಿತ್ತಳೆ ಬಣ್ಣಕ್ಕೆ ತಿರುಗಿದ ಸ್ಪ್ಯಾನರುಗಳು. ಹಾಳಾಗಿದೆ ಅಂದುಕೊಂಡೆ. ಇಬ್ಬರನ್ನು ಕರೆದು ಕೈಗಾಡಿಗೆ ಹಾಕಿಸಿ ರಸ್ತೆ ಬದಿಯ ರಾಶಿಗೆ ಒರಗಿಸಿದೆ. ಮೇಲೆ ಒದ್ದೆ ಕಾರ್ಪೆಟ್ಟು ಬಿತ್ತು, ಅದರ ಮೇಲೆ ಗೋಡೆಯ ಚೂರು ಬಿತ್ತು.

ಆ ರಾಶಿಗಳನ್ನು ನೋಡಿದವರಿಗೇ ಗೊತ್ತು. ರಸ್ತೆಯ ಎರಡೂ ಕಡೆ ಆಳೆತ್ತರ. ಹಲಗೆ ಒಂದು ಕಡೆ, ಫ್ರಿಜ್ಜು ಒಲೆ ಇನ್ನೊಂದು ಕಡೆ, ಟಿವಿ ಕಂಪ್ಯೂಟರು ಮತ್ತೊಂದು ಕಡೆ, ಬಣ್ಣದ ಡಬ್ಬಿ ಔಷಧ ಬೇರೆ ಅಂತ ವಿಂಗಡಿಸಿ ಇಡಬೇಕು, ಇಲ್ಲದಿದ್ದರೆ ಲಾರಿಯವರು ಎತ್ತುವುದಿಲ್ಲ. ಮಧ್ಯೆ ಒಂದು ಪಿಯಾನೋ, ಒಂದು ತೊಟ್ಟಿಲು. ಒಂದು ಸಂಸಾರ ಮೂವತ್ತು ವರ್ಷ ಕೂಡಿಸಿದ್ದೆಲ್ಲ ದಾರಿಯಲ್ಲಿ ಹೋಗುವವರಿಗೆ ಕಾಣುವ ಹಾಗೆ ಬಿದ್ದಿರುತ್ತದೆ.

ಅವರು ಮಧ್ಯಾಹ್ನ ಬಂದರು. ಒಳಗೆ ಬರಲಿಲ್ಲ. ರಾಶಿಯ ಮುಂದೆ ನಿಂತರು. ಕಾರ್ಪೆಟ್ಟಿನ ಒಂದು ತುದಿ ಎತ್ತಿ ನೋಡಿದರು. ಒಂದು ಬಕೆಟ್ಟು ಬೋರಲು ಹಾಕಿಕೊಂಡು ಕೂತು ಒಂದೊಂದೇ ಸ್ಪ್ಯಾನರು ಹೊರಗೆ ತೆಗೆಯೋಕೆ ಶುರು ಮಾಡಿದರು. ಬೈಯಲಿಲ್ಲ, ಯಾರು ಹಾಕಿದ್ದು ಅಂತಲೂ ಕೇಳಲಿಲ್ಲ. ನಾನೇ ಹೋಗಿ, ನಾನು ಹಾಕಿದ್ದು ಅಂದೆ. ಅವರು ಕೈಯಲ್ಲಿದ್ದದ್ದನ್ನು ಅಂಗಿಗೆ ಒರೆಸಿ ನನಗೆ ತೋರಿಸಿದರು. "ಇದು ತುಕ್ಕು ಅಷ್ಟೇ. ಉಜ್ಜಿದರೆ ಹೋಗುತ್ತದೆ" ಅಂದರು.

ನನ್ನ ಅಪ್ಪನ ಮೆಟ್ಟುಗತ್ತಿ ಕಣ್ಣಮುಂದೆ ಬಂತು. ಅಡಿಕೆ ಸುಲಿತ ಮುಗಿದ ಮೇಲೆ ಎಣ್ಣೆ ಸವರಿ, ಹಳೇ ಪಂಚೆಯ ತುಂಡು ಸುತ್ತಿ, ಅಟ್ಟದ ಮೇಲೆ ಇಡುತ್ತಿದ್ದರು. ಅದನ್ನು ಅಪ್ಪ ಇಲ್ಲದಾಗ ಯಾರಾದರೂ ಹೊರಗೆ ಎಸೆದಿದ್ದರೆ? ನನಗೆ ಅದು ಎಷ್ಟು ಚೆನ್ನಾಗಿ ಗೊತ್ತಿರಬೇಕಿತ್ತು! ಕಬ್ಬಿಣವನ್ನು ಬದುಕಿಸಿ ಇಟ್ಟುಕೊಳ್ಳುವ ಮನೆಯಲ್ಲೇ ಬೆಳೆದವನು ನಾನು. ಆದರೂ ಅವತ್ತು ನನ್ನ ತಲೆಯಲ್ಲಿ ಇದ್ದದ್ದು ಸಂಜೆಯೊಳಗೆ ಮನೆ ಮುಗಿಸುವ ಲೆಕ್ಕ ಮಾತ್ರ.

ಉಳಿದವರು ಹೋದ ಮೇಲೂ ನಾನು ಅಲ್ಲೇ ಉಳಿದೆ. ಪೈಪಿನ ನೀರಿನಲ್ಲಿ ಕೆಸರು ತೊಳೆಯುವುದು, ಬಟ್ಟೆಯಲ್ಲಿ ಒರೆಸುವುದು, ಉಕ್ಕಿನ ನಾರಿನಿಂದ ಉಜ್ಜುವುದು, ಎಣ್ಣೆ ಹಚ್ಚಿ ಹಲಗೆಯ ಮೇಲೆ ಸಾಲಾಗಿ ಇಡುವುದು. ಒಂದೊಂದಕ್ಕೂ ಅವರ ಹತ್ತಿರ ಒಂದು ಮಾತಿತ್ತು. ಇದು ಮೊದಲ ಸಂಬಳದಲ್ಲಿ ಕೊಂಡದ್ದು, ಇದು ತೀರಿಹೋದ ಗೆಳೆಯನದು. ಬೆಳಗ್ಗೆಯಿಂದ ಮುಖ ಬಿಗಿದುಕೊಂಡಿದ್ದ ಮನುಷ್ಯ ಕತ್ತಲಾಗುವವರೆಗೆ ಮಾತಾಡಿದರು. ಮನೆಯೊಳಗೆ ಎಂಟು ಕೋಣೆಯ ಗೋಡೆ ಕೊಯ್ದಿದ್ದೆವು. ಅದರ ಬಗ್ಗೆ ಒಂದು ಮಾತೂ ಇಲ್ಲ.

ಮರುದಿನ ನಾನು ನೀಲಿ ಟೇಪು ಕೊಂಡೆ. ಆಮೇಲೆ ಹೋದ ಪ್ರತಿ ಮನೆಯಲ್ಲೂ ಮೊದಲ ಅರ್ಧ ಗಂಟೆ ಏನನ್ನೂ ಮುಟ್ಟುತ್ತಿರಲಿಲ್ಲ. ಟೇಪನ್ನು ಮನೆಯವರ ಕೈಗೆ ಕೊಟ್ಟು, ಅವರ ಜೊತೆ ಕೋಣೆ ಕೋಣೆ ಸುತ್ತುವುದು. ಉಳಿಸಬೇಕಾದ್ದಕ್ಕೆ ಅವರೇ ಅಂಟಿಸಲಿ. ಕೆಲವರು ಎಲ್ಲಕ್ಕೂ ಅಂಟಿಸುತ್ತಾರೆ. ಪರವಾಗಿಲ್ಲ, ಒಂದು ಗಂಟೆ ಬಿಟ್ಟು ಮತ್ತೆ ಕೇಳಿದರೆ ಅವರೇ ಅರ್ಧ ಕೀಳುತ್ತಾರೆ. ಉಬ್ಬಿದ ಮರದ ಪುಡಿ ಹಲಗೆಯ ಕಪಾಟು, ನೀರು ಕುಡಿದ ಹಾಸಿಗೆ, ಇವು ಉಳಿಯುವುದಿಲ್ಲ ಅಂತ ಹೇಳಲೇಬೇಕು, ಆರೋಗ್ಯದ ಪ್ರಶ್ನೆ. ಆದರೆ ಗಟ್ಟಿ ಮರ, ಕಬ್ಬಿಣ, ಪಿಂಗಾಣಿ ತೊಳೆದರೆ ಬದುಕುತ್ತವೆ. ಒದ್ದೆಯಾಗಿ ಅಂಟಿಕೊಂಡ ಫೋಟೋಗಳನ್ನು ಎಳೆಯಬಾರದು. ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಯಾರದಾದರೂ ಫ್ರೀಜರಿನಲ್ಲಿ ಇಟ್ಟರೆ ಬೂಷ್ಟು ನಿಲ್ಲುತ್ತದೆ. ಆಮೇಲೆ ಪುರುಸೊತ್ತಿನಲ್ಲಿ ಬಿಡಿಸಬಹುದು. ಆ ಚಳಿಗಾಲ ನಮ್ಮ ಮನೆಯ ಫ್ರೀಜರಿನಲ್ಲಿ ಅವರೆಕಾಳಿನ ಪಕ್ಕ ಮೂರು ಮನೆಯವರ ಮದುವೆ ಫೋಟೋ ಇದ್ದವು.

ಇದರಿಂದ ನಮ್ಮ ವೇಗ ಕಮ್ಮಿ ಆಯಿತು. ತಂಡದಲ್ಲಿ ಒಬ್ಬಿಬ್ಬರು ಗೊಣಗಿದರು. ಒಂದು ದಿನಕ್ಕೆ ಒಂದು ಮನೆ ಆಗುತ್ತಿದ್ದದ್ದು ಒಂದೂವರೆ ದಿನ ಆಯಿತು. ಕಾಯುವ ಮನೆಗಳ ಪಟ್ಟಿ ಉದ್ದ ಇತ್ತು. ಅದು ನಿಜವಾದ ಮಾತು, ಬೂಷ್ಟು ಕಾಯುವುದಿಲ್ಲ. ಆದರೂ ನಾನು ಆ ಅರ್ಧ ಗಂಟೆ ಬಿಟ್ಟುಕೊಡಲಿಲ್ಲ. ನೀರು ಅವರನ್ನು ಕೇಳಿ ಬರಲಿಲ್ಲ. ಇನ್ನು ನಾವೂ ಕೇಳದೆ ನುಗ್ಗಿದರೆ ಹೇಗೆ?

ಒಂದು ವಿಷಯ ಹೇಳಬೇಕು, ಇದು ನನಗೆ ತಡವಾಗಿ ಗೊತ್ತಾಯಿತು. ಪ್ರತಿ ದಿನ ಬೆಳಗ್ಗೆ ಒಂದು ಹಾಳೆಯಲ್ಲಿ ಹೆಸರು, ಬಂದ ಹೊತ್ತು, ಹೋದ ಹೊತ್ತು ಬರೆಯಿರಿ ಅನ್ನುತ್ತಿದ್ದರು. ಸುಮ್ನೆ ಕಾಗದದ ಕೆಲಸ ಅಂತ ಮೊದಲು ಎಷ್ಟೋ ದಿನ ಬರೆಯದೆ ಬಂದಿದ್ದೇನೆ. ಆಮೇಲೆ ಒಬ್ಬರು ಬಿಡಿಸಿ ಹೇಳಿದರು. ಪರಿಹಾರದ ಖರ್ಚಿನಲ್ಲಿ ಒಂದು ಪಾಲು ಕೇಂದ್ರ ಸರ್ಕಾರದ್ದು, ಒಂದು ಪಾಲು ಸ್ಥಳೀಯ ಆಡಳಿತದ್ದು. ಸ್ವಯಂಸೇವಕರ ಗಂಟೆಗಳಿಗೆ ಬೆಲೆ ಕಟ್ಟಿ ಆ ಸ್ಥಳೀಯ ಪಾಲಿಗೆ ಜಮಾ ಮಾಡಬಹುದು. ನಾನು ಬರೆಯದೆ ಬಿಟ್ಟ ಗಂಟೆ ಆ ಊರಿಗೆ ಸಿಗಬೇಕಾದ ದುಡ್ಡು. ಇಂಥ ಕೆಲಸಕ್ಕೆ ಹೋಗುವವರು ಯಾರಾದರೂ ಇದನ್ನು ಓದುತ್ತಿದ್ದರೆ, ದಯವಿಟ್ಟು ಆ ಹಾಳೆ ತುಂಬಿಸಿ.

ಸೆಪ್ಟೆಂಬರ್ 10ಕ್ಕೆ ಫ್ಲಾರಿಡಾಕ್ಕೆ ಇರ್ಮಾ ಬಡಿಯಿತು. 20ಕ್ಕೆ ಪೋರ್ಟೋರಿಕೋಗೆ ಮರಿಯಾ. ಟಿವಿ ಕ್ಯಾಮರಾಗಳು ಆ ಕಡೆ ಹೋದವು, ದೂರದಿಂದ ಬಂದಿದ್ದ ಜನವೂ ಹೋದರು. ಅಲ್ಲಿನ ಕಷ್ಟ ಇನ್ನೂ ದೊಡ್ಡದಿತ್ತು, ಅದರಲ್ಲಿ ತಪ್ಪಿಲ್ಲ. ಹನ್ನೆರಡು ಜನರ ನಮ್ಮ ತಂಡ ಅಕ್ಟೋಬರಿಗೆ ಐದಾಯಿತು, ಡಿಸೆಂಬರಿಗೆ ಮೂರು. ನಿಜ ಹೇಳಬೇಕೆಂದರೆ ಗೋಡೆ ಕೀಳುವುದು ಸುಲಭ. ಕೈಗೆ ಹುರುಪು ಬರುತ್ತದೆ, ಸಂಜೆ ಹೊತ್ತಿಗೆ ಎಷ್ಟು ಮಾಡಿದೆವು ಅಂತ ಕಾಣುತ್ತದೆ. ಕಿತ್ತ ಗೋಡೆಯನ್ನು ಮತ್ತೆ ಕಟ್ಟುವಾಗ ಹಾಗಲ್ಲ. ಮರ ಪೂರಾ ಒಣಗಿದೆಯಾ ಅಂತ ಮೀಟರು ಚುಚ್ಚಿ ನೋಡುತ್ತಾ ವಾರಗಟ್ಟಲೆ ಕಾಯಬೇಕು. ಕೆಲಸದವರು ಸಿಗುವುದಿಲ್ಲ. ವಿಮೆಯ ದುಡ್ಡು ಬರುವುದಿಲ್ಲ. ಆ ಊರನ್ನು ಮತ್ತೆ ಎಬ್ಬಿಸಿದ್ದು ಹೆಚ್ಚಾಗಿ ಮೆಕ್ಸಿಕೋ, ಮಧ್ಯ ಅಮೆರಿಕದಿಂದ ಬಂದ ದಿನಗೂಲಿಯವರು. ಅವರಲ್ಲಿ ಎಷ್ಟೋ ಜನರ ಮನೆಯೂ ಮುಳುಗಿತ್ತು. ಶೀಟ್‌ರಾಕಿನ ಸಂದಿಗೆ ಪಟ್ಟಿ ಅಂಟಿಸಿ, ಕಾಣದ ಹಾಗೆ ಗಾರೆ ಸವರುವುದನ್ನು ನನಗೆ ಕಲಿಸಿದ್ದು ಅವರಲ್ಲೊಬ್ಬರು. ನನಗೆ ಸ್ಪ್ಯಾನಿಷ್ ಬಾರದು, ಅವರಿಗೆ ಇಂಗ್ಲಿಷ್ ಅಷ್ಟಕ್ಕಷ್ಟೇ. ಕೈಹಿಡಿದು ತೋರಿಸಿದರು.

ಬೇರ್ ಕ್ರೀಕ್‌ನ ಆ ಹಿರಿಯರ ಮನೆಗೆ ಗೋಡೆ ಬಂದದ್ದು 2018ರ ಮಾರ್ಚ್‌ನಲ್ಲಿ. ಅಲ್ಲಿಯವರೆಗೆ ಅವರು ಮಾಳಿಗೆಯ ಒಂದು ಕೋಣೆಯಲ್ಲಿ ಮಲಗುತ್ತಿದ್ದರು. ನಾನು ಈಗ ಕೇಳಿ ತಿಳಿದುಕೊಂಡಿದ್ದೆ, ಅಮ್ಮನಿಗೂ ಹೇಳಿದ್ದೆ. ಕೊನೆಯ ಕೋಣೆಗೆ ಬಣ್ಣ ಹೊಡೆದ ದಿನ ಅವರು ಗ್ಯಾರೇಜಿಗೆ ಕರೆದುಕೊಂಡು ಹೋದರು. ಗೋಡೆಗೆ ಹಲಗೆ ಹೊಡೆದು ಸಾಮಾನು ಸಾಲಾಗಿ ತೂಗುಹಾಕಿದ್ದರು. ಅದರಲ್ಲಿ ಒಂದು ಚಪ್ಪಟೆ ಹಾರೆ ತೆಗೆದು ನನ್ನ ಕೈಗಿಟ್ಟರು. ತುದಿಯ ಹತ್ತಿರ ಅವರ ಹೆಸರಿನ ಎರಡು ಅಕ್ಷರ ಕೊರೆದಿದೆ. ಅಕ್ಷರದ ಗುಳಿಯೊಳಗೆ ಮಾತ್ರ ಇನ್ನೂ ಸ್ವಲ್ಪ ತುಕ್ಕು ಉಳಿದಿದೆ. ನಾನು ಅದನ್ನು ಉಜ್ಜಿಲ್ಲ.

2024ರ ಜುಲೈ 8ರ ಬೆಳಗಿನ ಜಾವ ಬೆರಿಲ್ ಬಂತು. ಮೊದಲ ದರ್ಜೆಯದು, ಆದರೂ ಹೂಸ್ಟನ್ ಸುತ್ತಮುತ್ತ 22 ಲಕ್ಷಕ್ಕೂ ಜಾಸ್ತಿ ಮನೆ, ಅಂಗಡಿಗಳಿಗೆ ಕರೆಂಟು ಹೋಯಿತು. ಸುಡುವ ಸೆಕೆಯಲ್ಲಿ ದಿನಗಟ್ಟಲೆ ಫ್ಯಾನಿಲ್ಲ, ಏಸಿ ಇಲ್ಲ. ನಮ್ಮ ಹಿಂದಿನ ರಸ್ತೆಯಲ್ಲಿ ಒಬ್ಬ ಅಜ್ಜಿಯ ಹಿತ್ತಲಿನ ಓಕ್ ಮರ ಸಾಮಾನಿನ ಕೊಟ್ಟಿಗೆಯ ಮೇಲೆ ಬಿದ್ದಿತ್ತು. ಡಬ್ಬ ಹಿಡಿದುಕೊಂಡು ಹೋದೆ. ಮೊದಲು ಅವರ ಹತ್ತಿರ ನೀರು ಇದೆಯಾ, ಔಷಧ ಇದೆಯಾ, ರಾತ್ರಿ ಎಲ್ಲಿ ಮಲಗುತ್ತೀರಿ ಅಂತ ಕೇಳಿದೆ. ಆಮೇಲೆ ಟೇಪು ಕೊಟ್ಟೆ.

ಅವರು ಹಿತ್ತಲೆಲ್ಲ ಒಂದು ಸುತ್ತು ಹಾಕಿದರು. ಹುಲ್ಲು ಕೊಯ್ಯುವ ಯಂತ್ರದ ಹತ್ತಿರ ನಿಂತರು, ಮುಂದೆ ಹೋದರು. ಕಬ್ಬಿಣದ ಕುರ್ಚಿಗಳನ್ನೂ ಬಿಟ್ಟರು. ಕೊನೆಗೆ ಕೊಂಬೆಗಳ ಅಡಿಯಲ್ಲಿ ಬಗ್ಗಿ, ಹಕ್ಕಿಗಳಿಗೆ ನೀರಿಡುವ ಸಿಮೆಂಟಿನ ತಟ್ಟೆಯ ಮುರಿದ ಅರ್ಧಕ್ಕೆ ಮೊದಲ ತುಂಡು ಅಂಟಿಸಿದರು. ನಾನಾಗಿದ್ದರೆ ಅದನ್ನು ಮೊದಲ ಗಾಡಿಯಲ್ಲೇ ರಾಶಿಗೆ ಹಾಕಿರುತ್ತಿದ್ದೆ. ತುಂಬಾ ಭಾರ ಇತ್ತು. ಹಾರೆ ಕೊಟ್ಟು ಎಬ್ಬಿಸಿ, ಇಬ್ಬರೂ ಹಿಡಿದುಕೊಂಡು ಹೋಗಿ ಅಡುಗೆಮನೆ ಕಿಟಕಿಯ ಕೆಳಗೆ, ಅವರು ತೋರಿಸಿದ ಜಾಗದಲ್ಲಿ ಇಟ್ಟೆವು.